ತೆರಿಗೆ ವಿನಾಯಿತಿ ಅಂದರೆ ಏನು, ಅದರ ಫಲ ಯಾರ ಕೈಗೆ?

ಪಿಎಫ್, ಜೀವ ವಿಮೆಯಂಥ ಉಳಿತಾಯವನ್ನು ಆದಾಯದಿಂದ ಕಳೆಯಲು ಬಿಡುವ 80ಸಿ ಸೆಕ್ಷನ್ ಅಡಿ ಒಂದೂವರೆ ಲಕ್ಷ ರೂಪಾಯಿ ಕಟ್ಟಿದರೆ ತೆರಿಗೆಯಲ್ಲಿ ಎಷ್ಟು ಉಳಿಯುತ್ತದೆ? ಕಟ್ಟುವವರು ಯಾರು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ತೆರಿಗೆ ಲೆಕ್ಕಕ್ಕೆ ಎರಡು ಪದ್ಧತಿಗಳಿವೆ: ಇಂಥ ಕಡಿತಗಳಿರುವ ಹಳೆಯದು, ಹೆಚ್ಚಿನ ಕಡಿತಗಳಿಲ್ಲದೆ ದರ ಕಡಿಮೆ ಇರುವ ಹೊಸದು. ಹಳೆ ಪದ್ಧತಿಯಲ್ಲಿ 30% ಹಂತದಲ್ಲಿರುವ ತುಮಕೂರಿನ ತಜ್ಞ ವೈದ್ಯರಿಗೆ ಸೆಸ್ (ತೆರಿಗೆಯ ಮೇಲೆ 4%) ಸೇರಿ 46,800 ರೂಪಾಯಿ ಉಳಿಯುತ್ತದೆ. 20% ಹಂತದಲ್ಲಿರುವ ಉಪನ್ಯಾಸಕರಿಗೆ 31,200. ತಿಂಗಳಿಗೆ 20,000 ರೂಪಾಯಿ ಸಂಬಳಕ್ಕೆ ನರಸಾಪುರದ ಕಾರ್ಖಾನೆಗೆ ಹೋಗುವ ಹೆಣ್ಣುಮಗಳಿಗೆ ಸೊನ್ನೆ, ಏಕೆಂದರೆ ಅವಳಿಗೆ ಆದಾಯ ತೆರಿಗೆಯೇ ಬರುವುದಿಲ್ಲ. ಆದರೂ ‘ಟ್ಯಾಕ್ಸ್ ಉಳಿಯುತ್ತೆ’ ಅಂತ ಹೇಳಿಯೇ ಅವಳಿಗೂ ಪಾಲಿಸಿ ಮಾರುತ್ತಾರೆ. ಇದು ನಿಲ್ಲಬೇಕು ಅನ್ನುವುದೇ ಈ ಬರಹದ ಕಾರಣ. ವಿನಾಯಿತಿಯ ಬೆಲೆ ನಿಮ್ಮ ಆದಾಯ ಮುಟ್ಟುವ ಮೇಲಿನ ಹಂತದ ದರದಷ್ಟೇ. ಹಾಗಾಗಿ ಮೊದಲು ತೆರಿಗೆಯ ಲೆಕ್ಕ ಹಾಕಿ, ಆಮೇಲೆ ವಿನಾಯಿತಿ ಹುಡುಕಿ.

ವಿನಾಯಿತಿ ಅಂತ ನಾವು ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ಬೇರೆ ಬೇರೆ ಬಗೆಗಳಿವೆ. ಕೆಲವು ಆದಾಯವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಕೃಷಿ ಆದಾಯ ಅಂಥದ್ದು. ಕೆಲವು ಖರ್ಚು ಮತ್ತು ಉಳಿತಾಯವನ್ನು ಆದಾಯದಿಂದ ಕಳೆಯಲು ಬಿಡುತ್ತಾರೆ, 80ಸಿ, ಆರೋಗ್ಯ ವಿಮೆಯ 80ಡಿ ಆ ಗುಂಪಿನವು. ರಿಬೇಟ್ ಅಂದರೆ ಲೆಕ್ಕ ಹಾಕಿ ಬಂದ ತೆರಿಗೆಯಲ್ಲೇ ಬಿಡುವುದು. ಇವಲ್ಲದೆ ಕೆಲವು ಆದಾಯಕ್ಕೆ ದರವನ್ನೇ ಕಡಿಮೆ ಇಟ್ಟಿರುತ್ತಾರೆ. ಕೆಳಗಿನ ಅಂಕಿಗಳೆಲ್ಲ 2025-26ನೇ ಆರ್ಥಿಕ ವರ್ಷದವು. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. 2025-26ರ ಆದಾಯಕ್ಕೆ ಹಳೆ ಸಂಖ್ಯೆಗಳೇ ಅನ್ವಯ, ನಾನೂ ಅವನ್ನೇ ಬಳಸಿದ್ದೇನೆ.

ಸಂಬಳದವರಿಂದ ಶುರು ಮಾಡೋಣ. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ. 4ರಿಂದ 8 ಲಕ್ಷಕ್ಕೆ 5%, 8ರಿಂದ 12ಕ್ಕೆ 10%, 12ರಿಂದ 16ಕ್ಕೆ 15%, 16ರಿಂದ 20ಕ್ಕೆ 20%, 20ರಿಂದ 24ಕ್ಕೆ 25%, ಅದರಾಚೆಗೆ 30%. ತೆರಿಗೆಗೆ ಒಳಪಡುವ ಆದಾಯ 12 ಲಕ್ಷ ಮೀರದಿದ್ದರೆ 87ಎ ರಿಬೇಟ್ 60,000 ರೂಪಾಯಿಯವರೆಗೆ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಸಂಬಳದವರಿಗೆ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ (ಪುರಾವೆ ಕೇಳದೆ ಸಂಬಳದಿಂದ ಕಳೆಯುವ ಮೊತ್ತ) ಇರುವುದರಿಂದ 12.75 ಲಕ್ಷದವರೆಗೆ ಚಿಂತೆಯಿಲ್ಲ. 12 ಲಕ್ಷಕ್ಕಿಂತ ಸ್ವಲ್ಪ ಮೇಲೆ ಹೋದರೆ ಒಮ್ಮೆಲೇ 60,000 ಬೀಳುತ್ತದೆ ಅಂತ ಹೆದರುವವರಿದ್ದಾರೆ. ಹಾಗಾಗುವುದಿಲ್ಲ. ತೆರಿಗೆಗೆ ಒಳಪಡುವ ಆದಾಯ 12,10,000 ಇದ್ದರೆ ಹಂತದ ಪ್ರಕಾರ 61,500 ಬರಬೇಕಿದ್ದರೂ ಮೀರಿದ 10,000 ಮಾತ್ರ ತೆರಿಗೆ, ಸೆಸ್ ಸೇರಿ 10,400. ಈ ರಕ್ಷಣೆ ಸುಮಾರು 12.70 ಲಕ್ಷದವರೆಗೆ ಕೆಲಸ ಮಾಡುತ್ತದೆ.

ಅಂದರೆ 11 ಲಕ್ಷ ಸಂಬಳದ ಪ್ರೌಢಶಾಲೆ ಮೇಷ್ಟ್ರಿಗೆ ತೆರಿಗೆ ಉಳಿಸಲು ಯಾವ ಪಾಲಿಸಿಯೂ ಬೇಡ. ವಿಮೆ ಬೇಕಿದ್ದರೆ ಮನೆಯವರ ಭದ್ರತೆಗೆ ಅಂತ ಮಾಡಿಸಿ, ಸಾವಿಗೆ ಮಾತ್ರ ಪರಿಹಾರ ಕೊಡುವ ಟರ್ಮ್ ಪಾಲಿಸಿ ನೋಡಿ. ತೆರಿಗೆ ಉಳಿಸಲು ಅಂತ 20 ವರ್ಷದ ಎಂಡೋಮೆಂಟ್‌ಗೆ (ವಿಮೆ, ಉಳಿತಾಯ ಎರಡೂ ಸೇರಿದ ಪಾಲಿಸಿ) ಕೈ ಹಾಕಿ ಮೂರನೇ ವರ್ಷಕ್ಕೆ ಕಂತು ನಿಲ್ಲಿಸಿದರೆ ಕಟ್ಟಿದ್ದರಲ್ಲೂ ದೊಡ್ಡ ಪಾಲು ಹೋಗುತ್ತದೆ.

ಹಳೆ ಪದ್ಧತಿ ಇನ್ನೂ ಯಾರಿಗೆ ಲಾಭ? 15 ಲಕ್ಷ ಸಂಬಳ ಹಿಡಿಯಿರಿ. ಹೊಸ ಪದ್ಧತಿಯಲ್ಲಿ 14.25 ಲಕ್ಷಕ್ಕೆ ತೆರಿಗೆ 93,750, ಸೆಸ್ ಸೇರಿ 97,500. ಹಳೆ ಪದ್ಧತಿಯಲ್ಲಿ ಇಷ್ಟಕ್ಕೇ ಇಳಿಯಬೇಕಾದರೆ ತೆರಿಗೆಗೆ ಒಳಪಡುವ ಆದಾಯ 9,06,250ಕ್ಕೆ ಬರಬೇಕು, ಅಂದರೆ 5,93,750 ಕಳೆಯಬೇಕು. ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,500, 80ಸಿ 1.5 ಲಕ್ಷ, ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ಯೋಜನೆ) ಹೆಚ್ಚುವರಿ 50,000, ಗೃಹಸಾಲದ ಬಡ್ಡಿ 2 ಲಕ್ಷ, ಆರೋಗ್ಯ ವಿಮೆ 25,000 ಎಲ್ಲ ಪೂರ್ತಿ ಹಾಕಿದರೂ 4,77,500. ಇನ್ನೂ 1,16,250 ಬೇಕು, ಅದು ಎಚ್‌ಆರ್‌ಎ, ಅಂದರೆ ಮನೆ ಬಾಡಿಗೆ ಭತ್ಯೆಯಿಂದ ಬರಬೇಕು. ಸಾಲದ ಮನೆ ಒಂದೂರಲ್ಲಿ, ಬಾಡಿಗೆ ಇನ್ನೊಂದೂರಲ್ಲಿ ಇರುವವರಿಗೆ ಇದು ಕೂಡಿಬರಬಹುದು. ಉಳಿದ ಬಹುಪಾಲು ಜನರಿಗೆ ಹೊಸದೇ ಸರಿ.

ಎಚ್‌ಆರ್‌ಎ ಲೆಕ್ಕದಲ್ಲಿ ಎಡವುವವರು ತುಂಬಾ ಜನ. ಸಂಬಳದ ಚೀಟಿಯಲ್ಲಿ ಕಾಣುವ ಎಚ್‌ಆರ್‌ಎ ಪೂರ್ತಿ ವಿನಾಯಿತಿ ಅಲ್ಲ. ಮೂರು ಮೊತ್ತದಲ್ಲಿ ಯಾವುದು ಕಡಿಮೆಯೋ ಅದು: ಬಂದ ಎಚ್‌ಆರ್‌ಎ, ಮೂಲ ವೇತನ ಮತ್ತು ತುಟ್ಟಿಭತ್ಯೆಯ 40%, ಕಟ್ಟಿದ ಬಾಡಿಗೆಯಲ್ಲಿ ಅದೇ ವೇತನದ 10% ಕಳೆದು ಉಳಿದದ್ದು. ತುಮಕೂರಿನಲ್ಲಿ ಮೂಲ ವೇತನ, ಡಿಎ ಸೇರಿ 60,000, ಎಚ್‌ಆರ್‌ಎ 9,000, ಬಾಡಿಗೆ 10,000 ಇದ್ದರೆ ಸಿಗುವುದು ತಿಂಗಳಿಗೆ 4,000 ಮಾತ್ರ. ಬಾಡಿಗೆ ವರ್ಷಕ್ಕೆ ಲಕ್ಷ ದಾಟಿದರೆ ಮನೆ ಮಾಲೀಕರ ಪ್ಯಾನ್ ಕೊಡಬೇಕು. ಅಪ್ಪನ ಹೆಸರಿನ ಮನೆಗೆ ಬಾಡಿಗೆ ತೋರಿಸುವುದಾದರೆ ದುಡ್ಡು ನಿಜವಾಗಿ ಬ್ಯಾಂಕ್ ಮೂಲಕ ಅವರಿಗೆ ಹೋಗಿರಬೇಕು, ಅವರ ಆದಾಯದಲ್ಲೂ ಅದು ಕಾಣಬೇಕು.

ಹೊಸ ಪದ್ಧತಿಯಲ್ಲೂ ಉಳಿದಿರುವ ಒಂದು ದೊಡ್ಡ ಅನುಕೂಲವನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಮಾಲೀಕರು ನಿಮ್ಮ ಎನ್‌ಪಿಎಸ್ ಖಾತೆಗೆ ಕಟ್ಟುವ ಹಣ, ಮೂಲ ವೇತನ ಮತ್ತು ಡಿಎಯ 14%ವರೆಗೆ, ಕಳೆಯಬಹುದು. ಎನ್‌ಪಿಎಸ್‌ನಲ್ಲಿರುವ ಸರ್ಕಾರಿ ನೌಕರರು ಸರ್ಕಾರದ ಪಾಲು ಫಾರಂ 16ರಲ್ಲಿ (ಸಂಬಳ ಮತ್ತು ಕಡಿದ ತೆರಿಗೆಯ ಪ್ರಮಾಣಪತ್ರ) ಆದಾಯಕ್ಕೆ ಸೇರಿ, ಆಮೇಲೆ ಈ ಕಡಿತದ ಸೆಕ್ಷನ್ ಆದ 80ಸಿಸಿಡಿ(2)ರಲ್ಲಿ ಕಳೆದಿದೆಯೇ ಅಂತ ನೋಡಿಕೊಳ್ಳಬೇಕು. ಸೇರಿಸಿ ಕಳೆಯದೆ ಬಿಟ್ಟಿರುವುದು ಉಂಟು. ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಖಾಸಗಿ ಕಂಪನಿಗಳಲ್ಲಿ ಇರುವವರು ಏಪ್ರಿಲ್‌ನಲ್ಲೇ ಎಚ್‌ಆರ್ ವಿಭಾಗವನ್ನು ಕೇಳಿ ಸಂಬಳದ ರಚನೆಯಲ್ಲಿ ಇದನ್ನು ಸೇರಿಸಿಕೊಳ್ಳಬಹುದು.

ಇನ್ನು ಬೇಸಾಯ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಗೊಂದಲ ಅತಿ ಹೆಚ್ಚಿರುವುದು ಇಲ್ಲೇ.

‘ರೈತರಿಗೆ ತೆರಿಗೆ ಇಲ್ಲ’ ಅನ್ನುವ ಮಾತು ಅರ್ಧ ಸರಿ. ಕಾಯ್ದೆ ನೋಡುವುದು ವ್ಯಕ್ತಿಯನ್ನಲ್ಲ, ಆದಾಯವನ್ನು. ಜಮೀನಿನಲ್ಲಿ ಬೆಳೆದದ್ದು, ಅದನ್ನು ಮಾರಾಟಕ್ಕೆ ತರಲು ರೈತ ಸಾಮಾನ್ಯವಾಗಿ ಮಾಡುವ ಸಂಸ್ಕರಣೆ, ಇವಿಷ್ಟು ಕೃಷಿ ಆದಾಯ. ತಿಪಟೂರು ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಟ್ಟು, ಕಾಯಿಯೊಳಗೆ ಗಿಟಕು ಅಲ್ಲಾಡುವ ಸದ್ದು ಬಂದ ಮೇಲೆ ಸುಲಿದು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಾರೆ. ಸ್ವಂತ ತೋಟದ ಕಾಯಿಯಾದರೆ ಆ ಕೊಬ್ಬರಿಯ ದುಡ್ಡು ಕೃಷಿ ಆದಾಯವೇ. ಪಕ್ಕದ ತೋಟಗಳ ಕಾಯಿ ಕೊಂಡು ಕೊಬ್ಬರಿ ಮಾಡಿದರೆ ವ್ಯಾಪಾರ. ಸಿಪ್ಪೆಯಿಂದ ನಾರು ತೆಗೆದು ಹಗ್ಗ ಹೊಸೆಯುವ ಘಟಕವೂ ವ್ಯಾಪಾರವೇ. ಶ್ರೀನಿವಾಸಪುರದ ಮಾವಿನ ತೋಪಿನ ಫಸಲನ್ನು ಮರದ ಮೇಲೇ ಮಾರಿದ ಒಡೆಯನಿಗೆ ಅದು ಕೃಷಿ ಆದಾಯ. ಆ ಫಸಲನ್ನು ಕೊಂಡು, ಕೊಯ್ದು, ಮಾರಿದ ವ್ಯಾಪಾರಿಗೆ ಅಲ್ಲ. ನರ್ಸರಿ ಸಸಿಗಳ ಮಾರಾಟವನ್ನು ಕೃಷಿ ಆದಾಯವೆಂದೇ ಕಾಯ್ದೆ ಹೇಳಿದೆ. ಹಾಲು, ಕೋಳಿ ಫಾರಂ ಕೃಷಿ ಆದಾಯದಲ್ಲಿ ಬರುವುದಿಲ್ಲ.

ರೇಷ್ಮೆ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹಿಪ್ಪುನೇರಳೆ ಸೊಪ್ಪು ಬೆಳೆದು ಮಾರಿದರೆ ಕೃಷಿ ಆದಾಯ. ಅದೇ ಸೊಪ್ಪನ್ನು ಹುಳುವಿಗೆ ಹಾಕಿ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ಮಾರಿದರೆ ಹುಳು ಸಾಕಣೆ ವ್ಯಾಪಾರದ ಲೆಕ್ಕ. ಆದರೆ ಸ್ವಂತ ತೋಟದ ಸೊಪ್ಪಿನ ಮಾರುಕಟ್ಟೆ ಬೆಲೆಯನ್ನು ಆ ವ್ಯಾಪಾರದ ಖರ್ಚಾಗಿ ಕಳೆಯಲು ಆದಾಯ ತೆರಿಗೆ ನಿಯಮ 7 ಅವಕಾಶ ಕೊಡುತ್ತದೆ. ಉದಾಹರಣೆಗೆ ವರ್ಷಕ್ಕೆ 6 ಲಕ್ಷದ ಗೂಡು ಮಾರಿದಿರಿ. ಸೊಪ್ಪಿನ ಬೆಲೆ 2.5 ಲಕ್ಷ, ಚಾಕಿ (ಎಳೆಯ) ಹುಳು, ಸೋಂಕು ನಿವಾರಕ, ಮನೆಯೊಳಗಿನ ಕೂಲಿ ಎಲ್ಲ ಸೇರಿ 1 ಲಕ್ಷ. ವ್ಯಾಪಾರದ ಆದಾಯ 2.5 ಲಕ್ಷ, ಮಿತಿಯೊಳಗೇ ಆಯಿತು. ತೋಟಕ್ಕೆ ಹಾಕಿದ ಗೊಬ್ಬರ, ಕಳೆ ಕಿತ್ತ ಕೂಲಿಯನ್ನು ಇಲ್ಲಿ ಮತ್ತೆ ಕಳೆಯುವಂತಿಲ್ಲ, ಅದು ಸೊಪ್ಪಿನ ಬೆಲೆಯಲ್ಲೇ ಸೇರಿದೆ. ಸೊಪ್ಪಿನ ಬೆಲೆಗೆ ಆಧಾರ ಬೇಕು. ಅಕ್ಕಪಕ್ಕ ಸೊಪ್ಪು ಯಾವ ದರಕ್ಕೆ ಹೋಗುತ್ತಿದೆ ಅಂತ ಪ್ರತಿ ಬೆಳೆಗೂ ಬರೆದಿಟ್ಟುಕೊಳ್ಳಿ, ಗೂಡು ಮಾರಿದ ಚೀಟಿಯ ಜೊತೆ ಪಿನ್ ಮಾಡಿಡಿ. ವರ್ಷದ ಕೊನೆಗೆ ನೆನಪಿನಿಂದ ಬರೆದ ಲೆಕ್ಕ ನಿಲ್ಲುವುದಿಲ್ಲ.

ಪಾವಗಡದಲ್ಲಿ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟವರಿಗೂ ಒಂದು ಮಾತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ 5% ಏರುವ ಆ ಬಾಡಿಗೆ ಕೃಷಿ ಆದಾಯವಲ್ಲ. ಪಹಣಿ ನಿಮ್ಮ ಹೆಸರಿನಲ್ಲೇ ಇದ್ದರೂ ಅಲ್ಲಿ ಬೇಸಾಯ ನಡೆಯುತ್ತಿಲ್ಲ. ಹತ್ತು ಎಕರೆ ಕೊಟ್ಟವರಿಗೆ ಇದೊಂದೇ ಆದಾಯವಾದರೆ ತೆರಿಗೆ ಬರುವುದಿಲ್ಲ. ಮಗನ ಸಂಬಳದ ಮೇಲೆ ಈ ಬಾಡಿಗೆಯೂ ಅವನ ಖಾತೆಗೇ ಬರುತ್ತಿದ್ದರೆ ಲೆಕ್ಕ ಬೇರೆ.

ಕೃಷಿ ಆದಾಯ ತೆರಿಗೆಮುಕ್ತ ಆದರೂ ದರವನ್ನು ಮೇಲಕ್ಕೆ ದೂಡುತ್ತದೆ. ಕೃಷಿ ಆದಾಯ 5,000 ರೂಪಾಯಿ ದಾಟಿ, ಉಳಿದ ಆದಾಯ ಮೂಲ ಮಿತಿಯನ್ನು (ತೆರಿಗೆಯೇ ಇಲ್ಲದ ಮೊದಲ 4 ಲಕ್ಷ) ಮೀರಿದ್ದರೆ ಎರಡನ್ನೂ ಕೂಡಿಸಿ ದರ ನೋಡುತ್ತಾರೆ. ಬೇರೆ ಆದಾಯ 14 ಲಕ್ಷ, ಕೃಷಿ 5 ಲಕ್ಷ ಅಂತಿಟ್ಟುಕೊಳ್ಳಿ. 19 ಲಕ್ಷಕ್ಕೆ ತೆರಿಗೆ 1,80,000. ಇದರಿಂದ 9 ಲಕ್ಷದ ಮೇಲಿನ (ಕೃಷಿ 5, ಮೂಲ ಮಿತಿ 4) ತೆರಿಗೆ 30,000 ಕಳೆದರೆ 1,50,000. ಕೃಷಿ ಆದಾಯ ಇಲ್ಲದಿದ್ದರೆ 90,000 ಬರುತ್ತಿತ್ತು. ಹಾಗಾಗಿ ತೋಟವಿರುವ ಸಂಬಳದಾರರು ಐಟಿಆರ್-1 (ಸರಳ ರಿಟರ್ನ್ ಫಾರಂ) ಹಾಕುವಂತಿಲ್ಲ, ಅದು ಕೃಷಿ ಆದಾಯ 5,000ದೊಳಗಿನವರಿಗೆ ಮಾತ್ರ. 5 ಲಕ್ಷ ದಾಟಿದರೆ ಜಿಲ್ಲೆ, ಪಿನ್‌ಕೋಡ್, ಎಷ್ಟು ಎಕರೆ, ಸ್ವಂತದ್ದೋ ಗುತ್ತಿಗೆಯದ್ದೋ, ನೀರಾವರಿಯೋ ಮಳೆಯಾಶ್ರಿತವೋ ಎಲ್ಲ ಬರೆಯಬೇಕು.

ಹಾಗಾದರೆ ಈ ವಿನಾಯಿತಿಯ ಫಲ ಯಾರಿಗೆ? ಎರಡು ಎಕರೆ ರಾಗಿ, ಅವರೆ ಬೆಳೆಯುವವರ ಆದಾಯ ವಿನಾಯಿತಿ ಇಲ್ಲದಿದ್ದರೂ 4 ಲಕ್ಷ ಮುಟ್ಟುವುದಿಲ್ಲ. ನಿಜವಾಗಿ ಉಳಿಯುವುದು ದೊಡ್ಡ ತೋಟದವರಿಗೆ, ಮತ್ತು ಬೇರೆಲ್ಲೋ ಬಂದ ದುಡ್ಡನ್ನು ತೋಟದ್ದು ಅಂತ ತೋರಿಸುವವರಿಗೆ. ಬೋರ್‌ವೆಲ್ ಬತ್ತಿದ ಜಮೀನಿನ ಪಹಣಿ ಹಿಡಿದು ಎಕರೆಗೆ ಹತ್ತು ಲಕ್ಷ ತೋರಿಸಿದರೆ ಮೊದಲು ಕೇಳುವುದೇ ಮಂಡಿ ಚೀಟಿ, ಕರೆಂಟಿನ ವಿವರ, ಗೊಬ್ಬರದ ಬಿಲ್ಲು. ರೈತರ ಹೆಸರಿನಲ್ಲಿ ಬೇರೆಯವರು ಉಣ್ಣುವ ಈ ಪರಿ ನನಗೆ ಸರಿ ಕಾಣುವುದಿಲ್ಲ.

ಜಮೀನು ಮಾರಾಟಕ್ಕೆ ಬಂದರೆ ಮೊತ್ತಗಳು ದೊಡ್ಡವು, ತಪ್ಪುಗಳೂ ದೊಡ್ಡವು. ಗ್ರಾಮೀಣ ಕೃಷಿ ಜಮೀನು ಮಾರಿದರೆ ಬಂಡವಾಳ ಲಾಭದ (ಆಸ್ತಿ ಮಾರಿ ಬಂದ ಲಾಭದ) ತೆರಿಗೆಯೇ ಇಲ್ಲ. ಗ್ರಾಮೀಣ ಅಂದರೆ ಏನು ಅನ್ನುವುದನ್ನು ಊರಿನ ಹೆಸರು ಹೇಳುವುದಿಲ್ಲ, ದೂರ ಹೇಳುತ್ತದೆ. ಜನಸಂಖ್ಯೆ 10 ಸಾವಿರದಿಂದ 1 ಲಕ್ಷದವರೆಗಿನ ಪಟ್ಟಣದ ಗಡಿಯಿಂದ 2 ಕಿ.ಮೀ., 1ರಿಂದ 10 ಲಕ್ಷದವರೆಗಿನ ನಗರವಾದರೆ 6 ಕಿ.ಮೀ., ಅದಕ್ಕಿಂತ ದೊಡ್ಡದಾದರೆ 8 ಕಿ.ಮೀ. ಆಚೆ ಇರಬೇಕು. 2011ರ ಜನಗಣತಿಯಂತೆ ತುಮಕೂರು, ಕೋಲಾರ ಎರಡೂ ಲಕ್ಷ ದಾಟಿವೆ, ಅಲ್ಲಿ 6 ಕಿ.ಮೀ. ಚಿಕ್ಕಬಳ್ಳಾಪುರ ಲಕ್ಷದೊಳಗೆ, 2 ಕಿ.ಮೀ. ಅಳತೆ ರಸ್ತೆಯ ಮೇಲಲ್ಲ, ನೇರ ಆಕಾಶ ದೂರ. ಬಸ್ ನಿಲ್ದಾಣದಿಂದಲ್ಲ, ಪಟ್ಟಣದ ಆಡಳಿತ ಗಡಿಯಿಂದ. ರಸ್ತೆಯಲ್ಲಿ 7 ಕಿ.ಮೀ. ಇದೆ ಅಂತ ನೆಮ್ಮದಿಯಾಗಿರುವ ಜಮೀನು ನೇರ ದೂರದಲ್ಲಿ 5 ಆಗಿಬಿಡಬಹುದು. ಮಾರುವ ಮೊದಲೇ ಸರ್ವೆ ನಕ್ಷೆ ಇಟ್ಟು ಅಳತೆ ಮಾಡಿಸಿ, ದೂರದ ಪ್ರಮಾಣಪತ್ರ ತೆಗೆದಿಡಿ. ಭೂ ಪರಿವರ್ತನೆ ಮಾಡಿಸಿ ಲೇಔಟ್ ಹಾಕಿ ಸೈಟುಗಳಾಗಿ ಮಾರಿದರೆ ಅದು ಕೃಷಿ ಜಮೀನಲ್ಲ, ಎಷ್ಟು ದೂರವಿದ್ದರೂ ಈ ಅನುಕೂಲ ಹೋಯಿತು.

ಗಡಿಯೊಳಗಿನ ಜಮೀನು, ಸೈಟು ಮಾರಿದವರು ‘12 ಲಕ್ಷದವರೆಗೆ ತೆರಿಗೆ ಇಲ್ಲವಲ್ಲ’ ಅನ್ನುತ್ತಾರೆ. ಆ ರಿಬೇಟ್ ಬಂಡವಾಳ ಲಾಭದಂಥ ವಿಶೇಷ ದರದ ಆದಾಯಕ್ಕೆ ಹೊಸ ಪದ್ಧತಿಯಲ್ಲಿ ಸಿಗುವುದಿಲ್ಲ. 2001ಕ್ಕಿಂತ ಹಳೆಯ ಆಸ್ತಿಗೆ ಆ ವರ್ಷದ ಏಪ್ರಿಲ್ 1ರ ಬೆಲೆಯನ್ನೇ ಖರೀದಿ ಬೆಲೆಯಾಗಿ ಹಿಡಿಯಬಹುದು. ಪಿತ್ರಾರ್ಜಿತ ಸೈಟಿನ ಆ ಬೆಲೆ 50,000, ಈಗ ಮಾರಿದ್ದು 10.5 ಲಕ್ಷಕ್ಕೆ, ಬೇರೆ ಆದಾಯ ಏನೂ ಇಲ್ಲ ಅಂದುಕೊಳ್ಳಿ. ಲಾಭ 10 ಲಕ್ಷ. ಮೂಲ ಮಿತಿ 4 ಲಕ್ಷ ಕಳೆದು 6 ಲಕ್ಷಕ್ಕೆ 12.5%, ಅಂದರೆ 75,000. ಸೆಸ್ ಸೇರಿ 78,000. 2024ರ ಜುಲೈ 23ಕ್ಕಿಂತ ಮೊದಲು ಬಂದ ಆಸ್ತಿಗೆ ಹಣದುಬ್ಬರ ಸೂಚ್ಯಂಕದಂತೆ ಖರೀದಿ ಬೆಲೆ ಏರಿಸಿ, ಉಳಿದ ಲಾಭಕ್ಕೆ 20% ಹಾಕುವ ಲೆಕ್ಕವನ್ನೂ ಹೋಲಿಸಬಹುದು. 2001-02ರ ಸೂಚ್ಯಂಕ 100, 2025-26ರದ್ದು 376. ಮೂಲ ಮಿತಿ ಬೇರೆ ಆದಾಯಕ್ಕೇ ಮುಗಿದಿರುವವರಿಗೆ, ಮಾರಿದ ಬೆಲೆ 2001ರ ಬೆಲೆಯ ಸುಮಾರು 8.4 ಪಟ್ಟು ದಾಟಿದ್ದರೆ 12.5% ಒಳ್ಳೆಯದು, ಅದಕ್ಕಿಂತ ಕಡಿಮೆಯಿದ್ದರೆ 20%. ಪಿತ್ರಾರ್ಜಿತ ಅಂದರೆ ಖರೀದಿ ಬೆಲೆ ಸೊನ್ನೆ ಅಂತ ಬರೆದು ಹೆಚ್ಚು ಕಟ್ಟುವವರೂ ಇದ್ದಾರೆ. 2001ರ ಮಾರ್ಗಸೂಚಿ ಬೆಲೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿ ಪಡೆಯಿರಿ.

ನಗರ ಮಿತಿಯ ಕೃಷಿ ಜಮೀನನ್ನು ಮಾರುವ ಮೊದಲು ಎರಡು ವರ್ಷ ನೀವೋ ನಿಮ್ಮ ತಂದೆತಾಯಿಯೋ ಅಲ್ಲಿ ಬೇಸಾಯ ಮಾಡಿದ್ದರೆ 54ಬಿ ಇದೆ. ಎರಡು ವರ್ಷದೊಳಗೆ ಬೇರೆ ಕೃಷಿ ಜಮೀನು ಕೊಂಡರೆ, ಹಾಕಿದ ಮೊತ್ತದಷ್ಟು ಲಾಭಕ್ಕೆ ತೆರಿಗೆ ಇಲ್ಲ. ಹೊಸ ಪದ್ಧತಿಯಲ್ಲೂ ಇದು ಸಿಗುತ್ತದೆ. ರಿಟರ್ನ್ ಗಡುವಿನೊಳಗೆ ಕೊಳ್ಳಲಾಗದಿದ್ದರೆ ಹಣವನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ ಇಡಬೇಕು. ಸಾಮಾನ್ಯ ಎಫ್‌ಡಿಯಲ್ಲಿ ಇಟ್ಟರೆ ನಡೆಯುವುದಿಲ್ಲ, ಕೆಡುವುದು ಹೆಚ್ಚಾಗಿ ಇಲ್ಲೇ. ಕ್ರಯಪತ್ರ ಮಾರಿದವರ ಹೆಸರಿನಲ್ಲೇ ಇರಲಿ. ಹೊಸ ಜಮೀನನ್ನು ಮೂರು ವರ್ಷ ಮಾರಬೇಡಿ. ಕೈಗಾರಿಕಾ ಪ್ರದೇಶಕ್ಕೆ ಕಡ್ಡಾಯವಾಗಿ ಸ್ವಾಧೀನವಾದ ನಗರ ಮಿತಿಯ ಕೃಷಿ ಜಮೀನಿನ ಪರಿಹಾರಕ್ಕೆ, ಎರಡು ವರ್ಷದ ಬೇಸಾಯದ ಷರತ್ತಿನೊಂದಿಗೆ, 10(37) ವಿನಾಯಿತಿ ಇದೆ. ಹೆಚ್ಚಿನ ಪರಿಹಾರ ತಡವಾಗಿ ಬಂದದ್ದಕ್ಕೆ ಕೊಡುವ ಬಡ್ಡಿ ಬೇರೆ: ಅದು ಕೈಗೆ ಬಂದ ವರ್ಷದ ಆದಾಯ, ಅರ್ಧ ಕಳೆದು ಉಳಿದರ್ಧಕ್ಕೆ ತೆರಿಗೆ.

ಹಾಲಿನ ಸಂಘಗಳಿಗೆ 80ಪಿ ಇದೆ. ಸದಸ್ಯರ ಹಾಲನ್ನು ಒಕ್ಕೂಟಕ್ಕೆ ಕೊಡುವ ಪ್ರಾಥಮಿಕ ಸಂಘದ ಆ ಲಾಭ ಪೂರ್ತಿ ಕಡಿತ. ನೂರಾರು ಕುಟುಂಬಗಳಿಗೆ ತಲುಪುವ ವಿನಾಯಿತಿ ಇದು, ಉಳಿಯಬೇಕಾದದ್ದು. ಆದರೆ ಗಡುವು ಮೀರಿ ರಿಟರ್ನ್ ಹಾಕಿದರೆ 80ಎಸಿ ಪ್ರಕಾರ ಈ ಕಡಿತ ಪೂರ್ತಿ ಹೋಗುತ್ತದೆ. ಸಂಘದ ಲೆಕ್ಕಪರಿಶೋಧನೆ ತಡವಾಯಿತು ಅನ್ನುವ ಕಾರಣಕ್ಕೆ, ಒಂದು ಪೈಸೆ ಕಟ್ಟಬೇಕಿಲ್ಲದ ಸಂಘ ತೆರಿಗೆ, ಬಡ್ಡಿ ಎರಡನ್ನೂ ಹೊರುತ್ತದೆ. ಕಾರ್ಯದರ್ಶಿಗಳು ಜೂನ್‌ನಲ್ಲೇ ಆಡಿಟರ್ ಹಿಂದೆ ಬೀಳಬೇಕು.

ಅಂಗಡಿಯವರಿಗೆ, ವಹಿವಾಟಿನ ಇಂತಿಷ್ಟು ಪಾಲನ್ನು ಆದಾಯವೆಂದು ಹಿಡಿಯುವ 44ಎಡಿ ಒಳ್ಳೆಯ ಅನುಕೂಲ. 40 ಲಕ್ಷ ವಹಿವಾಟಿನಲ್ಲಿ ಅರ್ಧ ಯುಪಿಐ, ಅರ್ಧ ನಗದು ಇದ್ದರೆ 20 ಲಕ್ಷಕ್ಕೆ 6%, ಉಳಿದದ್ದಕ್ಕೆ 8%, ಒಟ್ಟು ಆದಾಯ 2.8 ಲಕ್ಷ ಅಂತ ಘೋಷಿಸಿದರೆ ಸಾಕು, ಲೆಕ್ಕದ ಪುಸ್ತಕ ಬೇಡ. ಕೋಲಾರದ ಟೊಮೆಟೊ ಮಂಡಿಯವರು ಇದನ್ನು ಬಳಸುವಂತಿಲ್ಲ, ಕಮಿಷನ್ ಆದಾಯವನ್ನು ಈ ಸೆಕ್ಷನ್ ಹೊರಗಿಟ್ಟಿದೆ. ವ್ಯಾಪಾರದ ಆದಾಯ ಇರುವವರು ಹಳೆ ಪದ್ಧತಿಗೆ ಹೋಗಲು ಫಾರಂ 10-ಐಇಎ ಹಾಕಬೇಕು, ಮತ್ತೆ ಹೊಸದಕ್ಕೆ ಬರಲು ಒಂದೇ ಅವಕಾಶ. ಸಂಬಳದವರಂತೆ ವರ್ಷ ವರ್ಷ ಬದಲಿಸಲು ಆಗುವುದಿಲ್ಲ.

ಕಂಪನಿಗಳಿಗೆ ಸಿಗುವುದರ ಒಂದು ಲೆಕ್ಕ. ತಿಂಗಳಿಗೆ 25,000 ಮೀರದ ಸಂಬಳದ ಹೊಸ ಕಾರ್ಮಿಕರನ್ನು ಹೆಚ್ಚುವರಿಯಾಗಿ ಸ್ವಂತ ರೋಲ್‌ನಲ್ಲಿ ಪಿಎಫ್ ಸಮೇತ ತೆಗೆದುಕೊಂಡು, ವರ್ಷಕ್ಕೆ 240 ದಿನ ಕೆಲಸ ಕೊಟ್ಟರೆ ಅವರ ಸಂಬಳದ 30% ಹೆಚ್ಚುವರಿ ಕಡಿತ, ಮೂರು ವರ್ಷ. ಇದು 80ಜೆಜೆಎಎ. 20,000 ಸಂಬಳದ ಒಬ್ಬ ಕಾರ್ಮಿಕಳಿಂದ ವರ್ಷಕ್ಕೆ 72,000 ಕಡಿತ, 25.168% ತೆರಿಗೆ ಕಟ್ಟುವ ಕಂಪನಿಗೆ ಸುಮಾರು 18,100 ರೂಪಾಯಿ ಉಳಿತಾಯ. ಕೆಲಸ ಹುಟ್ಟಿಸುವ ವಿನಾಯಿತಿ ಆದ್ದರಿಂದ ನನಗೆ ಇದರ ಮೇಲೆ ಆಕ್ಷೇಪ ಕಡಿಮೆ. ಆದರೆ ಆ ಕಾರ್ಮಿಕಳಿಗೆ ಆದಾಯ ತೆರಿಗೆಯಲ್ಲಿ ಸಿಗುವುದು ಏನೂ ಇಲ್ಲ. ಅವಳು ತೆರಿಗೆ ಕಟ್ಟುವುದು ಸೋಪು, ಬಟ್ಟೆ, ಮೊಬೈಲ್ ರೀಚಾರ್ಜಿನ ಜಿಎಸ್‌ಟಿಯಲ್ಲಿ. ಅವಳಿಗೆ ಮುಟ್ಟುವ ವಿನಾಯಿತಿ ಅಂದರೆ ಹಾಲು, ತರಕಾರಿಗೆ ತೆರಿಗೆ ಇಲ್ಲದಿರುವುದು. ಅಲ್ಲೂ ಒಂದು ಕೊರತೆ ಇದೆ: ಟೊಮೆಟೊಗೆ ತೆರಿಗೆ ಇಲ್ಲದ್ದರಿಂದ, ಬೆಳೆಗಾರ ಹನಿ ನೀರಾವರಿ ಪೈಪಿಗೆ, ಗೊಬ್ಬರಕ್ಕೆ ಕಟ್ಟಿದ ಜಿಎಸ್‌ಟಿ ವಾಪಸ್ ಬರುವುದಿಲ್ಲ.

ಕೊನೆಯದಾಗಿ, ಕೈಗಾರಿಕಾ ಪ್ರದೇಶಗಳ ನೌಕರರು ಎಚ್ಚರ ವಹಿಸಬೇಕಾದದ್ದು. ‘ಕಟ್ ಆದ ಟಿಡಿಎಸ್ (ಸಂಬಳದಲ್ಲೇ ಕಡಿದ ತೆರಿಗೆ) ಪೂರ್ತಿ ವಾಪಸ್ ಕೊಡಿಸ್ತೀನಿ, ನನಗೆ ಹತ್ತು ಪರ್ಸೆಂಟ್’ ಅಂತ ಬರುವವರು ರಾಜಕೀಯ ಪಕ್ಷಕ್ಕೆ ದೇಣಿಗೆ, ಇಲ್ಲದ ಕಾಯಿಲೆ, ಇಲ್ಲದ ಬಾಡಿಗೆ ತೋರಿಸಿ ರಿಟರ್ನ್ ಹಾಕುತ್ತಾರೆ. ರೀಫಂಡ್ ಬಂದ ಮಾತ್ರಕ್ಕೆ ಇಲಾಖೆ ಒಪ್ಪಿತು ಅಂತಲ್ಲ. ಸುಳ್ಳು ಕ್ಲೇಮಿಗೆ ದಂಡ ತೆರಿಗೆಯ 200%ವರೆಗೆ ಹೋಗಬಹುದು, ನೋಟಿಸ್ ಬರುವುದು ಏಜೆಂಟರಿಗಲ್ಲ, ನಿಮಗೆ. ಅಂಥ ರಿಟರ್ನ್ ಈಗಾಗಲೇ ಹೋಗಿದ್ದರೆ ಪೋರ್ಟಲ್‌ಗೆ ನೀವೇ ಲಾಗಿನ್ ಆಗಿ, ಸಲ್ಲಿಸಿದ ಐಟಿಆರ್ ಡೌನ್‌ಲೋಡ್ ಮಾಡಿ, ಕಡಿತಗಳ ಪಟ್ಟಿಯನ್ನು ಫಾರಂ 16ರ ಪಕ್ಕ ಇಟ್ಟು ಸಾಲು ಸಾಲಾಗಿ ನೋಡಿ. ಏಜೆಂಟರ ಮೊಬೈಲ್, ಇಮೇಲ್ ನಿಮ್ಮ ಪ್ರೊಫೈಲ್‌ನಲ್ಲಿದ್ದರೆ ಮೊದಲು ಬದಲಿಸಿ, ಇಲ್ಲದಿದ್ದರೆ ನೋಟಿಸ್ ಬಂದದ್ದೇ ನಿಮಗೆ ಗೊತ್ತಾಗುವುದಿಲ್ಲ. ಪರಿಷ್ಕೃತ ರಿಟರ್ನಿಗೆ ಸಮಯವಿದ್ದರೆ ಅದನ್ನೇ ಹಾಕಿ. ಮುಗಿದಿದ್ದರೆ ತಡವಾಗಿ ತಿದ್ದುವ ಐಟಿಆರ್-ಯು ಇದೆ: ಮೌಲ್ಯಮಾಪನ ವರ್ಷ (ಆದಾಯದ ವರ್ಷದ ಮುಂದಿನ ವರ್ಷ) ಮುಗಿದ 12 ತಿಂಗಳೊಳಗೆ ತೆರಿಗೆ ಮತ್ತು ಬಡ್ಡಿಯ ಮೇಲೆ 25% ಹೆಚ್ಚುವರಿ, 24 ತಿಂಗಳೊಳಗೆ 50%, 36ರೊಳಗೆ 60%, 48ರೊಳಗೆ 70%.